ಗಿರಣಿ ಕೆರೆಯ ಸಾಕ್ಷಿಗಳು

ಸ್ಯಾನ್‌ಪೀಟ್ ಕಣಿವೆ, ಯೂಟಾ
ಡಿಸೆಂಬರ್ 29, 1974

ಮಗಳೇ ನೆಡ್ರಾ,

ನೀನು ಕಳಿಸಿದ ಉಣ್ಣೆಯ ಕೈಗವಸು ತಲುಪಿತು. ಎಡಗೈಗೆ ಸರಿಯಾಗಿದೆ, ಬಲಗೈಗೆ ಬಿಗಿ. ತಪ್ಪು ಕೈಗವಸಿನದಲ್ಲ, ಟರ್ಕಿ ಕೋಳಿಗಳನ್ನು ಲಾರಿಗೆ ತುಂಬುವಾಗ ಬೆರಳು ಬಾಗಿಲಿಗೆ ಸಿಕ್ಕಿ ಊದಿಕೊಂಡಿದೆ. ಈ ಸಲದ ಕೋಳಿಗಳೆಲ್ಲ ಹಬ್ಬಕ್ಕೆ ಮುಂಚೆಯೇ ಹೋದವು. ಕೊಟ್ಟಿಗೆ ಬಿಕೋ ಅನ್ನುತ್ತಿದೆ.

ಕ್ರಿಸ್‌ಮಸ್ ಊಟಕ್ಕೆ ನಿನ್ನ ದೊಡ್ಡಪ್ಪ ಡೀಲಾಸ್, ದೊಡ್ಡಮ್ಮ ಆರ್ಡಿತ್ ಬಂದಿದ್ದರು. ನಿನ್ನ ಅಮ್ಮ ಹೋದ ಈ ಮೂರು ವರ್ಷದಿಂದ ಹಬ್ಬದ ಅಡುಗೆ ಅತ್ತಿಗೆಯೇ ತರುವುದು. ನನ್ನ ಕನ್ನಡಕ ಎಲ್ಲೋ ಹೋಗಿತ್ತು. ಅಂಚೆಯಲ್ಲಿ ಬಂದ ಶುಭಾಶಯದ ಕಾರ್ಡುಗಳನ್ನೆಲ್ಲ ಅತ್ತಿಗೆ ಊಟದ ಮೇಜಿನಲ್ಲೇ ಗಟ್ಟಿಯಾಗಿ ಓದಿದರು. ಅದರಲ್ಲಿ ನಿನ್ನ ಅತ್ತೆ, ಕರ್ಟ್‌ನ ತಾಯಿಯದೂ ಒಂದಿತ್ತು. "ಕಳೆದ ಈಸ್ಟರ್ ದಿನ ನಮ್ಮ ನೆಡ್ರಾ ದೀಕ್ಷಾಸ್ನಾನ ಪಡೆದು ನಮ್ಮ ಲೂಥರನ್ ಸಭೆಗೆ ಸೇರಿದಳಲ್ಲ, ಅದು ಈ ವರ್ಷದ ದೊಡ್ಡ ಸಂತೋಷ. ನಿಮಗೂ ಹಾಗೇ ಅನ್ನಿಸಿರಬೇಕು" ಅಂತ ಬರೆದಿದ್ದರು. ಪಾಪ, ಒಳ್ಳೆಯ ಹೆಂಗಸು. ನಮಗೆ ಗೊತ್ತಿದೆ ಅಂದುಕೊಂಡೇ ಬರೆದದ್ದು.

ಓದುತ್ತ ಓದುತ್ತ ಅತ್ತಿಗೆಯ ದನಿ ಇಳಿದುಹೋಯಿತು. ಅಣ್ಣ ಫೋರ್ಕು ಕೆಳಗಿಟ್ಟ. ನಮ್ಮಲ್ಲಿ ಸಭೆಯ ಗೃಹಸ್ಥರಲ್ಲೇ ಒಬ್ಬ ಬಿಷಪ್ ಆಗುವುದು, ಈಗ ಅವನು, ನಿನಗೆ ಗೊತ್ತೇ ಇದೆ. ದೊಡ್ಡಪ್ಪನಾಗಿ ಕೇಳಿಸಿಕೊಂಡದ್ದನ್ನು ಮರೆಯಬಹುದು, ಬಿಷಪ್ ಆಗಿ ಮರೆಯುವ ಹಾಗಿಲ್ಲ. ಅತ್ತಿಗೆ ಮಾತ್ರ, "ಎಂಟು ವರ್ಷ ತುಂಬಿದ ತಕ್ಷಣ ನೀನೇ ನೀರಲ್ಲಿ ಮುಳುಗಿಸಿದ್ದೆಯಲ್ಲೋ ಫೆರಿನ್. ಇನ್ನೊಂದ್ಸಲ ಯಾತಕ್ಕಂತೆ?" ಅಂದರು.

ನಾನು ಏನೂ ಹೇಳಲಿಲ್ಲ. ಹೇಳಹೋದರೆ ನನ್ನ ನಾಲಿಗೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಗದದ ಮೇಲೆ ನಾನು ತೊದಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಜವೇನಮ್ಮಾ? ಒಂದು ಸಾಲು ಬರಿ.

ನಿನ್ನ ಅಪ್ಪ
ಫೆರಿನ್


ಮಂಕೇಟೊ, ಮಿನೆಸೋಟ
ಜನವರಿ 8, 1975

ಪ್ರೀತಿಯ ಅಪ್ಪ,

ನಿಜ.

ಎಂಟು ತಿಂಗಳಲ್ಲಿ ನಿನಗೆ ಹದಿನಾಲ್ಕು ಕಾಗದ ಬರೆದಿದ್ದೇನೆ. ಹಿಮದ ಬಗ್ಗೆ, ಕರ್ಟ್ ಪಾಠ ಹೇಳುವ ಶಾಲೆಯ ಬಗ್ಗೆ, ಪಕ್ಕದ ಮನೆಯ ನಾಯಿಯ ಬಗ್ಗೆ. ಇದನ್ನೊಂದು ಬಿಟ್ಟು ಎಲ್ಲ ಬರೆದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಅತ್ತೆ ನಿನಗೆ ಕಾರ್ಡು ಹಾಕಿದರೆಂದು ನಿನ್ನ ಕಾಗದದಿಂದಲೇ ಗೊತ್ತಾದದ್ದು. ಓದಿದಾಗ ನೆಲ ಬಾಯಿ ಬಿಟ್ಟು ನುಂಗಬಾರದಿತ್ತೇ ಅನ್ನಿಸಿತು.

ಕರ್ಟ್ ನನ್ನನ್ನು ಒತ್ತಾಯಿಸಲಿಲ್ಲ. ಮದುವೆಯಾಗಿ ಎರಡು ವರ್ಷ ನಾನು ಅವನ ಜೊತೆ ಭಾನುವಾರ ಸುಮ್ಮನೆ ಹೋಗಿ ಕೂರುತ್ತಿದ್ದೆ, ಅಷ್ಟೇ. ಆಮೇಲೆ ಏನಾಯಿತು ಅಂತ ಹೇಳುವುದು ಕಷ್ಟ. ಊರಲ್ಲಿ ಚಿಕ್ಕಂದಿನಿಂದ ಕಲಿತದ್ದು ನೆನಪಿದೆಯಲ್ಲ: ಸ್ವರ್ಗದಲ್ಲಿರುವ ತಂದೆಗೆ ನಮ್ಮ ಹಾಗೇ ಮಾಂಸ ಮೂಳೆಯ ಮೈ, ಅವನೂ ಒಂದು ಕಾಲದಲ್ಲಿ ನಮ್ಮ ಹಾಗೆ ಮನುಷ್ಯನಾಗಿದ್ದು ಮೇಲೆ ಬಂದವನು, ನಾವೂ ಒಂದು ದಿನ ಅವನ ಹಾಗೆ ಆಗಬೇಕು ಅಂತ. ನಿನಗೆ ಅದು ಧೈರ್ಯ ಕೊಡುತ್ತಿತ್ತು. ನನಗೆ ಭಯ ಹುಟ್ಟಿಸುತ್ತಿತ್ತು ಅಪ್ಪ. ನಾನು ಯಾವತ್ತೂ ಎರಡು ಮೆಟ್ಟಿಲು ಹಿಂದೆಯೇ ಇದ್ದೇನೆ ಅನ್ನಿಸುತ್ತಿತ್ತು. ಇಲ್ಲಿ ಬಂದು ಕೇಳಿದೆ: ದೇವರು ಎಂದೆಂದಿಗೂ ದೇವರೇ, ಮೈಯಿಲ್ಲದವನು; ತಂದೆ, ಮಗ, ಪವಿತ್ರಾತ್ಮ ಮೂವರು ಬೇರೆ ಬೇರೆ ದೇವರಲ್ಲ, ಒಬ್ಬನೇ. ನಾನು ಎಂದಿಗೂ ಅವನಾಗಬೇಕಿಲ್ಲ. ಅದನ್ನು ಕೇಳಿದ ದಿನ ಹಾಯಾಗಿ ಅತ್ತುಬಿಟ್ಟೆ. ಒಂದು ಕೊರತೆ ಮಾತ್ರ ಈಗಲೂ ಇದೆ. ಸ್ವರ್ಗದಲ್ಲಿ ನಮಗೊಬ್ಬಳು ತಾಯಿಯೂ ಇದ್ದಾಳೆ ಅಂತ ಅಮ್ಮ ಹಿಟ್ಟು ನಾದುತ್ತ ಹೇಳುತ್ತಿದ್ದಳಲ್ಲ, ಆ ತಾಯಿ ಇಲ್ಲಿಲ್ಲ.

ಇನ್ನು ನಾಚಿಕೆಯ ಮಾತು. ಇಲ್ಲಿಯ ಪಾದ್ರಿಗೆ ನಿನ್ನ ಬಗ್ಗೆ ಹೇಳಿದೆ. ಗಿರಣಿ ಕೆರೆಯಲ್ಲಿ ಅಪ್ಪ ನನಗೆ ಸ್ನಾನ ಕೊಟ್ಟ, ಮೂರು ಸಲ ಮುಳುಗಿಸಿದ, ತಂದೆಗೊಂದು, ಮಗನಿಗೊಂದು, ಪವಿತ್ರಾತ್ಮನಿಗೊಂದು ಅಂದೆ. ಹೆಸರುಗಳು ಅವೇ ಅಲ್ಲವೇ, ಅದೇ ಸಾಲದೇ ಅಂತ ಕೇಳಿದೆ. ಅವರು ಮೆತ್ತಗೆ ಹೇಳಿದರು: "ಹೆಸರು ಅವೇ ಇರಬಹುದಮ್ಮ. ಆದರೆ ಆ ಹೆಸರು ಹೇಳುವಾಗ ನಿಮ್ಮಪ್ಪನ ಮನಸ್ಸಲ್ಲಿದ್ದ ದೇವರು ಬೇರೆ. ನಾವು ಅದನ್ನ ದೀಕ್ಷಾಸ್ನಾನ ಅಂತ ಲೆಕ್ಕಕ್ಕೆ ತಗೊಳಲ್ಲ."

ಈಸ್ಟರ್ ದಿನ ಸಭೆಯ ಮುಂದೆ ನಿಲ್ಲಿಸಿ, "ಇದಕ್ಕೆ ಮುಂಚೆ ದೀಕ್ಷಾಸ್ನಾನ ಪಡೆದಿದ್ದೀಯಾ?" ಅಂತ ಕೇಳಿದರು. ಆ ನೀರಿನ ಚಳಿ ನನ್ನ ಮೈಗೆ ನೆನಪಿತ್ತು. ನೀನು ಸೊಂಟದವರೆಗೆ ನಿಂತು ನಡುಗುತ್ತಿದ್ದದ್ದು ಕಣ್ಣ ಮುಂದಿತ್ತು. ಆದರೂ ನಾನು "ಇಲ್ಲ" ಅಂದೆ. ಅಷ್ಟು ಜನರೆದುರು, ಗಟ್ಟಿಯಾಗಿ. ಅವತ್ತಿಂದ ನಿನ್ನ ಕೈಬರಹ ಕಂಡರೆ ಲಕೋಟೆ ಒಡೆಯದೆ ಎರಡು ದಿನ ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತೇನೆ.

ನಿನ್ನ
ನೆಡ್ರಾ


ಸ್ಯಾನ್‌ಪೀಟ್
ಜನವರಿ 20

ನೆಡ್ರಾ,

ನಿನ್ನ ಕಾಗದ ಬಂದು ಐದು ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಒಲೆಗೆ ಹಾಕಿದೆ. ಇದು ಐದನೆಯದು. ಇದೂ ಒಲೆಗೆ ಹೋಗಬೇಕಾದದ್ದೇ ಇರಬಹುದು.

ಮೈಯಿಲ್ಲದ ದೇವರಂತೆ. ಮೈಯಿಲ್ಲದವನು ಮಗಳ ಬೆನ್ನು ತಟ್ಟುವುದು ಹೇಗೆ? ಮೂವರೂ ಒಬ್ಬನೇ ಆದರೆ, ಶಿಲುಬೆಗೇರುವ ಹಿಂದಿನ ರಾತ್ರಿ ಮಗ ತೋಟದಲ್ಲಿ ಮೊಣಕಾಲೂರಿ ಬೇಡಿಕೊಂಡದ್ದು ಯಾರನ್ನು, ತನ್ನನ್ನೇ? ನಾನು ಓದಿದವನಲ್ಲ, ಕೋಳಿ ಸಾಕುವವನು, ನನಗೆ ತಿಳಿಯುವುದಿಲ್ಲ. ಅತ್ತಿಗೆಗಂತೂ ದೇವರು ಒಬ್ಬನೋ ಮೂವರೋ ಅನ್ನುವುದಕ್ಕಿಂತ, ನಿಮ್ಮಲ್ಲಿ ಪ್ರಾರ್ಥನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ, ನಾವು ಮುಟ್ಟಬಾರದ ಕಾಫಿ ಕೊಡುತ್ತಾರೆ ಅನ್ನುವುದೇ ದೊಡ್ಡ ಸಂಕಟ. "ಕಾಫೀನೂ ಕುಡೀತಾಳೇನೋ?" ಅಂತ ಮೂರು ಸಲ ಕೇಳಿದರು.

ಅಣ್ಣ ನಿನ್ನೆ ಬಂದಿದ್ದ. ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದ, ಅದನ್ನು ನೋಡಿಯೇ ಅರ್ಥವಾಯಿತು. ಬೇರೆ ಸಭೆಗೆ ಸೇರಿದವರ ಮೇಲೆ ಬಿಷಪ್ ವಿಚಾರಣೆ ಕೂರಿಸಲೇಬೇಕು, ಹೊರಹಾಕಲೇಬೇಕು. ಫೆಬ್ರವರಿ ಇಪ್ಪತ್ತಮೂರರ ಭಾನುವಾರ ಮಧ್ಯಾಹ್ನ. ಆಮೇಲಿನ ಭಾನುವಾರ ಬೆಳಿಗ್ಗೆ ಗಂಡಸರ ಸಭೆಯಲ್ಲಿ ಅವನು ಎದ್ದು ನಿಂತು ನಿನ್ನ ಹೆಸರು ಹೇಳಿ, ಬಹಿಷ್ಕಾರವಾಗಿದೆ ಅಂತ ಸಾರಬೇಕು. ನನ್ನ ಬೆಂಚಿನಲ್ಲಿ ನಾನು ಕೂತಿರುವಾಗಲೇ. "ಗಂಡನ ಬಲವಂತಕ್ಕೆ ಆಯ್ತು ಅಂತ ಒಂದು ಮಾತು ಬರೀಲಿ ಫೆರಿನ್, ನಾನು ಏನಾದ್ರೂ ದಾರಿ ನೋಡ್ತೀನಿ" ಅಂದ ಅಣ್ಣ. ಬರೆಯುತ್ತೀಯಾ?

ನೀನು "ಇಲ್ಲ" ಅಂದೆ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಓದಿ ಹೊರಗೆ ಹೋಗಿ ಖಾಲಿ ಕೊಟ್ಟಿಗೆ ಗುಡಿಸಿದೆ. ಗುಡಿಸಲು ಏನೂ ಇರಲಿಲ್ಲ.

ಅಪ್ಪ


ಬಿಷಪ್‌ರ ಕಚೇರಿ, ಸ್ಯಾನ್‌ಪೀಟ್
ಜನವರಿ 27, 1975

ಸಹೋದರಿ ನೆಡ್ರಾ ಮಿಕೆಲ್ಸನ್ ಲಿಂಡೆಮನ್ ಅವರಿಗೆ,

ತಾವು ಬೇರೊಂದು ಸಭೆಯಲ್ಲಿ ದೀಕ್ಷಾಸ್ನಾನ ಪಡೆದಿರುವುದಾಗಿ ತಿಳಿದುಬಂದಿರುವ ಕಾರಣ, ತಮ್ಮ ಸದಸ್ಯತ್ವದ ವಿಚಾರಣೆಯನ್ನು ಫೆಬ್ರವರಿ 23ರಂದು ಮಧ್ಯಾಹ್ನ ಎರಡು ಗಂಟೆಗೆ ನಡೆಸಲಾಗುವುದು. ತಾವು ಖುದ್ದಾಗಿ ಹಾಜರಾಗಬಹುದು ಅಥವಾ ಲಿಖಿತ ಹೇಳಿಕೆ ಕಳಿಸಬಹುದು.

ಡೀಲಾಸ್ ಮಿಕೆಲ್ಸನ್, ಬಿಷಪ್

ಕೆಳಗಿನದನ್ನು ಬಿಷಪ್ ಬರೆಯುತ್ತಿಲ್ಲಮ್ಮ, ದೊಡ್ಡಪ್ಪ ಬರೆಯುತ್ತಿದ್ದೇನೆ. ಅಷ್ಟು ದೂರದಿಂದ ಈ ಹಿಮದಲ್ಲಿ ಬರಬೇಡ. ನಿನ್ನ ಅಪ್ಪ ಊಟ ಮಾಡುತ್ತಿಲ್ಲ. ನನ್ನ ಮುಖ ನೋಡುವುದನ್ನೂ ಬಿಟ್ಟಿದ್ದಾನೆ. ಕಾರಣ ನೀನೊಬ್ಬಳೇ ಅಲ್ಲ. ಅದಕ್ಕಿಂತ ಹೆಚ್ಚು ಹೇಳಲಾರೆ.


ಮಂಕೇಟೊ
ಫೆಬ್ರವರಿ 3

ಅಪ್ಪ,

ದೊಡ್ಡಪ್ಪನ ಕಾಗದ ಬಂತು. ಕರ್ಟ್ ಬಲವಂತ ಮಾಡಿದ ಅಂತ ನಾನು ಬರೆಯುವುದಿಲ್ಲ. ಒಂದು ಸುಳ್ಳು ಹೇಳಿಯೇ ಈ ಗತಿ, ಇನ್ನೊಂದು ಬೇಡ.

ನನ್ನನ್ನು ಹೊರಹಾಕಿದರೆ ಹಾಕಲಿ. ನಾನು ಆಗಲೇ ಹೊರಗಿದ್ದೇನೆ. ನೀನು ಆ ಬೆಂಚಿನಲ್ಲಿ ಕೂತಿರುವಾಗ, ಅಷ್ಟು ಗಂಡಸರು ಓರೆಗಣ್ಣಲ್ಲಿ ನಿನ್ನನ್ನು ನೋಡುವಾಗ ನನ್ನ ಹೆಸರು ಕೂಗುತ್ತಾರಲ್ಲ, ಅದು ಮಾತ್ರ ನನಗೆ ಸಹಿಸಲಾಗುವುದಿಲ್ಲ. ಅವತ್ತು ಸಭೆಗೆ ಹೋಗಬೇಡ ಅಪ್ಪ. ಹೊಟ್ಟೆನೋವು ಅನ್ನು. ಹುಲ್ಲಿನ ಕೆಲಸ ಅನ್ನು, ಫೆಬ್ರವರಿಯಲ್ಲಿ ಹುಲ್ಲಿಲ್ಲದಿದ್ದರೂ.

ಮೈಯಿಲ್ಲದ ದೇವರು ಬೆನ್ನು ತಟ್ಟುವುದು ಹೇಗೆ ಅಂತ ಕೇಳಿದೆ. ನಾನೂ ಅದನ್ನೇ ಕೇಳಿದ್ದೆ. ಅದಕ್ಕೇ ಅವನು ಯೇಸುವಾಗಿ ಮೈ ತೊಟ್ಟು ಇಳಿದು ಬಂದ ಅಂದರು ಪಾದ್ರಿ. ನಿನ್ನ ದೇವರು ಕೆಳಗಿನಿಂದ ಹತ್ತಿ ಹೋದವನು, ಇವರ ದೇವರು ಮೇಲಿನಿಂದ ಇಳಿದು ಬಂದವನು. ಬಂದು ಏನು ಕಂಡ? ಬೀದಿಯಲ್ಲಿ ನಡೆಸಿದರು, ಬಟ್ಟೆ ಕಿತ್ತುಕೊಂಡು ಶಿಲುಬೆಗೇರಿಸಿದರು, ಜನ ನಕ್ಕರು. ನಾಚಿಕೆ ಅಂದರೆ ಏನು ಅಂತ ಅವನಿಗೆ ಗೊತ್ತು ಅಪ್ಪ. ಒಂದು ತಿಂಗಳಿಂದ ನಾನು ಅವನಿಗೆ ಹೇಳಿಕೊಳ್ಳುತ್ತಿರುವುದು ಅದೊಂದನ್ನೇ.

ದೊಡ್ಡಪ್ಪ "ಕಾರಣ ನೀನೊಬ್ಬಳೇ ಅಲ್ಲ" ಅಂತ ಬರೆದಿದ್ದಾರೆ. ನಿಮ್ಮಿಬ್ಬರ ನಡುವೆ ಏನಾಗಿದೆ?

ನೆಡ್ರಾ


ಸ್ಯಾನ್‌ಪೀಟ್
ಫೆಬ್ರವರಿ 10

ಮಗಳೇ,

ನೀನು ಕೇಳಿದೆ, ಹೇಳುತ್ತೇನೆ. ಹತ್ತೊಂಬತ್ತು ವರ್ಷದಿಂದ ಯಾರಿಗೂ ಹೇಳಿಲ್ಲ. ನಿನ್ನ ಅಮ್ಮನಿಗೂ ಹೇಳಲಿಲ್ಲ.

ನಾನು ನಿನ್ನನ್ನು ಮೂರು ಸಲ ಮುಳುಗಿಸಿದ್ದು ನಿಜ. ಆದರೆ ಅದು ನೀನು ಅಂದುಕೊಂಡ ಹಾಗಲ್ಲಮ್ಮ. ನಮ್ಮಲ್ಲಿ ಒಂದೇ ಸಲ. ಕೊಡುವವನು ಹೇಳಬೇಕಾದ ಮಾತು ಒಂದಕ್ಷರ ತಪ್ಪಬಾರದು, ಮುಳುಗುವವರ ಮೈ ಪೂರ್ತಿ ನೀರೊಳಗೆ ಹೋಗಬೇಕು, ಒಂದು ಬೆರಳು ಮೇಲೆ ಕಂಡರೂ ಮತ್ತೆ ಮಾಡಬೇಕು. ಅದನ್ನು ನೋಡುವುದಕ್ಕೇ ದಡದಲ್ಲಿ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸುವುದು. ಅವತ್ತು ಒಬ್ಬ ಸಾಕ್ಷಿ ಅಣ್ಣ. ಇನ್ನೊಬ್ಬರು ಮುದುಕ ಬ್ರದರ್ ಸೋರನ್, ಕಣ್ಣಿಗೆ ಪೊರೆ ಬಂದಿತ್ತು, ದೊಡ್ಡವರು ಅನ್ನುವ ಮರ್ಯಾದೆಗೆ ನಿಲ್ಲಿಸಿದ್ದರು.

1956ರ ಜೂನ್ ಎರಡು. ಚರ್ಚಿನ ತೊಟ್ಟಿ ಸೋರುತ್ತಿತ್ತು ಅಂತ ಕೆರೆಗೆ ಹೋಗಿದ್ದೆವು. ಬೆಟ್ಟದ ಹಿಮ ಕರಗಿ ಬಂದ ನೀರು. ಆ ಪ್ರಾರ್ಥನೆಯಲ್ಲಿ "ಯೇಸುಕ್ರಿಸ್ತನಿಂದ ಅಧಿಕಾರ ಪಡೆದವನಾಗಿ" ಅಂತ ಒಂದು ಮಾತಿದೆ. ತಿಂಗಳುಗಟ್ಟಲೆ ಕೋಳಿಗಳ ಮುಂದೆ ಅಭ್ಯಾಸ ಮಾಡಿದ್ದೆ. ಕೋಳಿಗಳ ಮುಂದೆ ಸರಾಗವಾಗಿ ಬರುತ್ತಿತ್ತು. ಜನರ ಮುಂದೆ "ಅಧಿಕಾರ" ಅನ್ನುವಲ್ಲಿ ನಾಲಿಗೆ ಕಚ್ಚಿಕೊಂಡಿತು. ಆ ಮಾತನ್ನು ಹಾರಿಸಿ ಮುಂದೆ ಹೋಗಿ ನಿನ್ನನ್ನು ಮುಳುಗಿಸಿದೆ. ದಡದಿಂದ ಅಣ್ಣ, "ಒಂದು ಮಾತು ಬಿಟ್ಟೆ ಫೆರಿನ್. ಇನ್ನೊಂದ್ಸಲ" ಅಂದ. ಎರಡನೆಯ ಸಲವೂ ಅಲ್ಲೇ ಬಿಟ್ಟೆ. ಯಾರೋ ಕಿಸಕ್ಕನೆ ನಕ್ಕರು. ಟವೆಲ್ ಹಿಡಿದು ನಿಂತಿದ್ದ ಹೆಂಗಸರು ತಲೆ ತಗ್ಗಿಸಿದರು. ನೀನು ನೀಲಿಗಟ್ಟಿದ್ದೆ, "ಅಪ್ಪಾ, ಸಾಕು" ಅಂತ ಅಳುತ್ತಿದ್ದೆ.

ಮೂರನೆಯ ಸಲ ಮಾತು ಪೂರ್ತಿ ಬಂತು. ನಿನ್ನನ್ನು ಹಿಂದಕ್ಕೆ ಬಾಗಿಸಿದೆ. ನೀನು ಚಳಿಗೆ ಒದ್ದಾಡಿದೆ. ನಿನ್ನ ಎಡಗಾಲ ಹಿಮ್ಮಡಿ ನೀರಿನಿಂದ ಮೇಲೆ ಬಂತು. ನಾನು ನೋಡಿದೆ. ಅಣ್ಣನೂ ನೋಡಿದ. ಅವನು ಹಿಮ್ಮಡಿಯನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನಿತ್ತೋ ಗೊತ್ತಿಲ್ಲ. "ಆಯ್ತು" ಅಂದ. ಬ್ರದರ್ ಸೋರನ್ನರೂ "ಆಯ್ತಾಯ್ತು" ಅಂದರು, ಅವರಿಗೆ ಕೆರೆಯೇ ಸರಿಯಾಗಿ ಕಂಡಿರಲಿಕ್ಕಿಲ್ಲ. ನಾನು ನಿನ್ನನ್ನು ಎತ್ತಿಕೊಂಡು ದಡಕ್ಕೆ ಓಡಿದೆ.

ನಾಲ್ಕನೆಯ ಸಲ ನಿಂತು ಆ ಮಾತು ಹೇಳುವುದಕ್ಕೆ ನನಗೆ ನಾಚಿಕೆಯಾಯಿತು ನೆಡ್ರಾ. ಅಷ್ಟೇ ವಿಷಯ. ದೇವರ ಭಯಕ್ಕಿಂತ ನಗುವವರ ಭಯ ದೊಡ್ಡದಾಯಿತು. ಅಣ್ಣ ತಮ್ಮನ ಮಾನ ಉಳಿಸಲು ಸುಳ್ಳು ಸಾಕ್ಷಿ ಹೇಳಿದ. ನಮ್ಮಲ್ಲಿ ಆ ಸ್ನಾನ ಸರಿಯಾದರೆ ಮಾತ್ರ ಪವಿತ್ರಾತ್ಮ ಜೊತೆಗಿರುವುದು. ನೀನು ಚಿಕ್ಕವಳಿದ್ದಾಗ ಜ್ವರ ಬಂದರೂ, ಶಾಲೆಯಲ್ಲಿ ಪೆಟ್ಟು ತಿಂದರೂ, ನನಗೆ ಆ ಹಿಮ್ಮಡಿ ಕಣ್ಣಿಗೆ ಬರುತ್ತಿತ್ತು. ನೀನು ಬೇರೆ ದೇವರ ಕಡೆ ಹೋದೆ ಅಂದಾಗ ನಿನಗಿಂತ ಮುಂಚೆ ನನ್ನನ್ನೇ ಬೈದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ.

ಸಭೆಯ ಮುಂದೆ ನೀನು "ಇಲ್ಲ" ಅಂದೆ ಅಂತ ಸಂಕಟಪಡುತ್ತಿದ್ದೀಯ. ನಮ್ಮ ಕಟ್ಟಳೆಯ ಪ್ರಕಾರವೂ ಅದು ಇಲ್ಲವೇ. ನಿಮ್ಮ ಪಾದ್ರಿ ಹೇಳಿದ ಕಾರಣಕ್ಕಲ್ಲ, ನಿನ್ನ ಅಪ್ಪನ ಕಾರಣಕ್ಕೆ. ಸದಸ್ಯಳೇ ಅಲ್ಲದವಳನ್ನು ಬಹಿಷ್ಕಾರ ಹಾಕುವುದು ಹೇಗೆ? ಇಪ್ಪತ್ತಮೂರರ ಬೆಳಿಗ್ಗೆ ಗಂಡಸರ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಬೇಕು ಅಂತಿದ್ದೇನೆ. ಅಣ್ಣನಿಗೆ ಹೇಳಿದೆ. ಅವನು ಟೊಪ್ಪಿ ಹಾಕಿಕೊಂಡು ಹೊರಟುಹೋದ.

ಅಪ್ಪ


ಮಂಕೇಟೊ
ಫೆಬ್ರವರಿ 14

ಅಪ್ಪ,

ಬೇಡ. ದಯವಿಟ್ಟು ಬೇಡ. ಈಗ ತಾನೇ ಫೋನ್ ಮಾಡಿದ್ದೆ. ನೀನು ಎತ್ತಿದೆ, ಮಾತಾಡಲಿಲ್ಲ. ನಿನ್ನ ಉಸಿರು ಕೇಳಿಸುತ್ತಿತ್ತು. "ಅಪ್ಪಾ, ಎದ್ದು ನಿಲ್ಲಬೇಡ, ನನಗೋಸ್ಕರ ಬೇಡ, ಕೇಳಿಸ್ತಾ?" ಅಂತ ಅಷ್ಟು ಸಲ ಕೂಗಿದೆ. ಕೊನೆಗೆ ನೀನೇ ಇಟ್ಟುಬಿಟ್ಟೆ.

ನನ್ನ ಹೆಸರನ್ನು ಕೂಗಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ನೀನು ಆ ಊರಲ್ಲೇ ಬದುಕಬೇಕು. ಅಣ್ಣತಮ್ಮಂದಿರು ಇಬ್ಬರೂ ಅಲ್ಲಿ ಮುಖ ತಗ್ಗಿಸಿ ಓಡಾಡುವುದು ನನಗೆ ಬೇಡ. ಬೇಕಾದರೆ ನಾನೇ ಬಂದು ವಿಚಾರಣೆಯಲ್ಲಿ ನಿಲ್ಲುತ್ತೇನೆ.

ನಾನು ಚಳಿಗೆ ಒದ್ದಾಡಿದ ಎಂಟು ವರ್ಷದ ಹುಡುಗಿ, ಅಷ್ಟೇ. ನೀನು ಅಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗಿದೆಯಲ್ಲ ಅಪ್ಪ.

ನೆಡ್ರಾ


ಸ್ಯಾನ್‌ಪೀಟ್
ಮಾರ್ಚ್ 2

ಮಗಳೇ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ, ಬಯ್ಯಬೇಡ. ಫೋನಿನಲ್ಲಿ ಮಾತಾಡಬೇಕು ಅಂತಲೇ ಎತ್ತಿದ್ದು. "ಮ" ಅನ್ನುವಲ್ಲಿ ನಿಂತುಬಿಟ್ಟೆ.

ಇಪ್ಪತ್ತಮೂರರ ಬೆಳಿಗ್ಗೆ ಗಂಡಸರ ಸಭೆಯಲ್ಲಿ ಅರವತ್ತು ಜನ ಇದ್ದರು. ಹಾಡು ಮುಗಿಯಿತು, ನಾನು ಎದ್ದೆ. ನಾನು ಆ ಸಭೆಯಲ್ಲಿ ಬಾಯಿ ಬಿಟ್ಟು ಮಾತಾಡಿ ಎಷ್ಟು ವರ್ಷವಾಯಿತೋ, ಎಲ್ಲರೂ ತಿರುಗಿ ನೋಡಿದರು. ಕೆರೆಯ ಕಥೆ ಹೇಳಲು ಎರಡು ನಿಮಿಷ ಸಾಕು. ನನಗೆ ಹನ್ನೆರಡು ನಿಮಿಷ ಹಿಡಿಯಿತು ಅಂತ ಆಮೇಲೆ ಯಾರೋ ಹೇಳಿದರು. ಬೆವರು ಕುತ್ತಿಗೆಯಿಂದ ಇಳಿದು ಅಂಗಿ ನೆನೆಯಿತು. ನನ್ನ ಬದಲು ಮಾತು ಮುಗಿಸಲು ಯಾರೂ ಹೋಗಲಿಲ್ಲ. ಅದೊಂದು ದೊಡ್ಡ ಉಪಕಾರ. ಯಾರೂ ನಗಲೂ ಇಲ್ಲ.

"ಹಿಮ್ಮಡಿ" ಅನ್ನುವ ಮಾತಿಗೆ ಬಂದಾಗ ನಾಲಿಗೆ ಪೂರ್ತಿ ಕಚ್ಚಿಕೊಂಡಿತು. ನಿಂತೇ ಇದ್ದೆ. ಆಗ ವೇದಿಕೆಯ ಮೇಲಿನ ಕುರ್ಚಿಯಿಂದ ಅಣ್ಣ ಎದ್ದ. ನನ್ನನ್ನು ಕೂರಿಸಲು ಎದ್ದ ಅಂದುಕೊಂಡೆ. ಕೆಳಗಿಳಿದು ಬಂದು ನನ್ನ ಪಕ್ಕ ನಿಂತು, "ಹಿಮ್ಮಡಿ ಮೇಲೆ ಬಂದಿತ್ತು. ನಾನೂ ನೋಡಿದೆ. ನೋಡಿದರೂ ಆಯ್ತು ಅಂದೆ. ಅವನು ಪುನಃ ಸೋಲೋದನ್ನ ನನ್ನ ಕೈಲಿ ನೋಡೋಕಾಗಲಿಲ್ಲ" ಅಂದ. ಎಪ್ಪತ್ತು ವರ್ಷದ ಮನುಷ್ಯ ನೆಡ್ರಾ, ಅವನು ಅಳುವುದನ್ನು ನಮ್ಮ ತಾಯಿ ಸತ್ತಾಗಲೂ ನಾನು ನೋಡಿರಲಿಲ್ಲ.

ಅವತ್ತು ಮಧ್ಯಾಹ್ನದ ವಿಚಾರಣೆ ಕೂರಲಿಲ್ಲ. ಮೇಲಿನವರಿಗೆ ಬರೆದು ಕೇಳಿದರು. ನಿನ್ನ ಹೆಸರು ತಪ್ಪಾಗಿ ಸೇರಿದ್ದು, ತೆಗೆದುಹಾಕಿ ಅಂತ ಉತ್ತರ ಬಂತು. ಬಹಿಷ್ಕಾರವಿಲ್ಲ. ಯಾರೂ ಯಾವ ಸಭೆಯಲ್ಲೂ ನಿನ್ನ ಹೆಸರು ಕೂಗುವುದಿಲ್ಲ. ಅಣ್ಣ ತಾನೇ ಬಿಷಪ್ ಕೆಲಸ ಬಿಟ್ಟ. ಅತ್ತಿಗೆ ಒಂದು ವಾರ ನನ್ನ ಮನೆ ಕಡೆ ಬರಲಿಲ್ಲ, ನಿನ್ನೆ ಆಲೂಗಡ್ಡೆ ಬೇಯಿಸಿಕೊಂಡು ತಂದು ಮೇಜಿನ ಮೇಲೆ ಕುಕ್ಕಿ, "ಇಬ್ಬರೂ ಕತ್ತೆಗಳು" ಅಂದರು. ಅಲ್ಲಿಗೆ ರಾಜಿಯಾಯಿತು. ಅಂಗಡಿಯಲ್ಲಿ ಕೆಲವರು ಮಾತಾಡಿಸುತ್ತಾರೆ, ಕೆಲವರು ಹಿಟ್ಟಿನ ಚೀಲಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಾರೆ.

ನಿನ್ನ ದೇವರು ಇಳಿದು ಬಂದವನು, ನನ್ನ ದೇವರು ಹತ್ತಿ ಹೋದವನು ಅಂತ ಬರೆದಿದ್ದೆ. ಹಾಗಾದರೆ ಇಬ್ಬರೂ ಎಲ್ಲೋ ಮೆಟ್ಟಿಲ ಮೇಲೆ ಎದುರಾಗಿರಲೇಬೇಕಲ್ಲ ಅಂತ ಮನೆಯ ಒಂದೇ ಹಸುವಿನ ಹಾಲು ಕರೆಯುವಾಗ ಅನ್ನಿಸಿತು. ಅಣ್ಣನಿಗೆ ಹೇಳಿದರೆ ಬಯ್ಯುತ್ತಾನೆ. ನನ್ನ ದೇವರೂ ಮನುಷ್ಯನಾಗಿದ್ದಾಗ ಎಂದಾದರೂ ಒಂದು ದಿನ ಜನರೆದುರು ಮುಖ ತಗ್ಗಿಸಿ ನಿಂತಿರಬಹುದು ಅಂತ ನಾನು ಒಳಗೊಳಗೇ ನಂಬಿದ್ದೇನೆ. ಪುಸ್ತಕದಲ್ಲಿ ಹಾಗೆ ಎಲ್ಲೂ ಇಲ್ಲ.

ನಮ್ಮ ಮನೆತನದ ವಂಶಾವಳಿಯ ಹಾಳೆಯಲ್ಲಿ ನಿನ್ನ ಹೆಸರಿನ ಮುಂದೆ ದೀಕ್ಷಾಸ್ನಾನದ ದಿನಾಂಕ ಬರೆದಿದ್ದೆ, ಶಾಯಿಯಲ್ಲಿ. ಬ್ಲೇಡಿನಿಂದ ಕೆರೆದು ತೆಗೆದೆ. ಹಾಳೆ ತೂತಾಯಿತು.

ಅಪ್ಪ


ಮಂಕೇಟೊ
ಮಾರ್ಚ್ 9

ಅಪ್ಪ,

ನಿನ್ನ ಕಾಗದವನ್ನು ಕರ್ಟ್‌ಗೆ ಓದಿ ಹೇಳಲು ಹೋದೆ, ದೊಡ್ಡಪ್ಪ ಎದ್ದು ಬಂದಲ್ಲಿಗೆ ಆಗಲಿಲ್ಲ. ಅವನೇ ತೆಗೆದುಕೊಂಡು ಓದಿದ.

ಪಾದ್ರಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲು, "ನೋಡಮ್ಮ, ನೀನು ಇಲ್ಲ ಅಂದದ್ದು ಅವರ ಲೆಕ್ಕದಲ್ಲೂ ನಿಜವೇ ಆಯ್ತಲ್ಲ. ಇನ್ನು ಮನಸ್ಸಿಗೆ ಹಚ್ಚಿಕೋಬೇಡ" ಅಂದರು. ನಾನು ಹೇಳಿದೆ, "ನಾನು ಅದನ್ನ ಹೇಳಿದಾಗ ನನಗೆ ಅದು ನಿಜ ಅಂತ ಗೊತ್ತಿರಲಿಲ್ಲ. ನನ್ನ ಮಟ್ಟಿಗೆ ಸ್ನಾನ ಆಗಿತ್ತು. ಆಗಿದ್ದನ್ನ ಆಗಿಲ್ಲ ಅಂದೆ." ಅವರು, ಹೌದು, ಅದು ಸುಳ್ಳೇ ಅಂತ ಒಪ್ಪಿಕೊಂಡರು. ಆಮೇಲೆ ನನ್ನ ಜೊತೆ ಕೂತು ಪ್ರಾರ್ಥಿಸಿದರು.

ನಾನು ಮರಳಿ ಬರುವುದಿಲ್ಲ ಅಪ್ಪ. ಬಂದು ಮತ್ತೆ ಆ ನೀರಿಗೆ ಇಳಿಯುವುದಿಲ್ಲ. ಇದನ್ನು ಈ ಸಲ ಎಂಟು ತಿಂಗಳು ಮುಚ್ಚಿಡದೆ ಮೊದಲೇ ಹೇಳುತ್ತಿದ್ದೇನೆ. ನೀನು ನನಗಾಗಿ ಅಷ್ಟು ಮಾಡಿ ಕಳಕೊಂಡದ್ದು ನನ್ನನ್ನೇ ಅಂತ ಗೊತ್ತು. ನಿಮ್ಮ ನಂಬಿಕೆಯಲ್ಲಿ, ಸತ್ತ ಮೇಲೂ ಮನೆಯವರೆಲ್ಲ ಒಟ್ಟಿಗೆ ಇರಬೇಕಾದರೆ ಆ ಹಾಳೆಯಲ್ಲಿ ಜಾಗ ಖಾಲಿ ಇರಬಾರದು. ಆ ತೂತನ್ನು ನೆನೆದುಕೊಂಡರೆ ಹೇಗೆ ತಲೆಯೆತ್ತಲಿ ಹೇಳು.

ಬೇಸಿಗೆಯಲ್ಲಿ ಇಲ್ಲಿಗೆ ಬಾ. ಚರ್ಚಿಗೆ ಕರೆಯುವುದಿಲ್ಲ. ಮನೆಯಲ್ಲಿ ಕಾಫಿ ಡಬ್ಬಿಯನ್ನು ಮೇಲಿನ ಗೂಡಿನಲ್ಲಿಡುತ್ತೇನೆ.

ನಿನ್ನ
ನೆಡ್ರಾ


ಸ್ಯಾನ್‌ಪೀಟ್
ಮಾರ್ಚ್ 16, 1975

ಮಗಳೇ ನೆಡ್ರಾ,

ಜೂನ್ ಕೊನೆಗೆ ಬರುತ್ತೇನೆ. ಆಗ ಮರಿಗಳು ಒಂದು ಹದಕ್ಕೆ ಬಂದಿರುತ್ತವೆ, ಅಣ್ಣ ನೋಡಿಕೊಳ್ಳುತ್ತಾನೆ. ಕಾಫಿ ಡಬ್ಬಿಯನ್ನು ಎಲ್ಲಿತ್ತೋ ಅಲ್ಲೇ ಇಡು, ನಿನ್ನ ಮನೆ.

ನೀನು ಬರುವುದಿಲ್ಲ ಅಂದದ್ದಕ್ಕೆ ನನಗೆ ಸಿಟ್ಟಿಲ್ಲ. ನೋವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಹಾಳೆಯ ಬಗ್ಗೆ ನೀನು ಅಷ್ಟು ಕೊರಗಬೇಡ. ನಮ್ಮಲ್ಲಿ ಸತ್ತವರಿಗೂ ಸ್ನಾನವಿದೆ, ನೀನೇ ಹದಿನಾಲ್ಕನೆಯ ವಯಸ್ಸಿನಲ್ಲಿ ನಮ್ಮ ದೇವಾಲಯಕ್ಕೆ ಹೋಗಿ, ಎಂದೋ ಸತ್ತ, ಗುರುತಿಲ್ಲದ ಎಷ್ಟೋ ಡೇನಿಷ್ ಮುದುಕಿಯರ ಪರವಾಗಿ ಮುಳುಗಿ ಬಂದಿದ್ದೆ. ನಾವೆಲ್ಲ ಹೋದ ಎಷ್ಟೋ ಕಾಲದ ಮೇಲೆ ನಮ್ಮ ಕಡೆಯ ಯಾರಾದರೂ ಹುಡುಗಿ ನಿನ್ನ ಹೆಸರು ಹಿಡಿದು ನಿನ್ನ ಪರವಾಗಿ ಮುಳುಗುತ್ತಾಳೆ. ಅವಳ ಹಿಮ್ಮಡಿ ಸರಿಯಾಗಿ ನೆನೆಯಲಿ.

ಆದರೆ ಅದು ಬಲವಂತವಲ್ಲ. ಇಲ್ಲಿ ಯಾರು ಮುಳುಗಿದರೂ, ಅಲ್ಲಿರುವವರನ್ನು ಕೇಳುತ್ತಾರೆ: ಇದು ನಿನಗೆ ಬೇಕೋ ಬೇಡವೋ ಅಂತ. ಬೇಡ ಅನ್ನುವ ಹಕ್ಕು ಸತ್ತವರಿಗೂ ಇದೆ. ನಿನ್ನ ನಂಬಿಕೆಯೇ ಸರಿಯಾಗಿದ್ದರೆ ಈ ಮಾತೇ ಏಳುವುದಿಲ್ಲ. ನನ್ನದು ಸರಿಯಾಗಿದ್ದರೆ ಅವತ್ತು ನಾನು ಅಲ್ಲೇ ಎಲ್ಲೋ ಕಾದುಕೊಂಡಿರುತ್ತೇನೆ, ನಿನ್ನ ಅಮ್ಮನ ಜೊತೆ. ನಿನ್ನನ್ನು ಕೇಳಿದಾಗ ಯೋಚನೆ ಮಾಡಿ ನಿನಗೆ ಅನ್ನಿಸಿದ್ದನ್ನೇ ಹೇಳು. ಇಲ್ಲ ಅನ್ನುವುದಾದರೆ ಇಲ್ಲ ಅನ್ನು ಮಗಳೇ. ನಾನು ಎದುರಿಗೇ ನಿಂತಿರುತ್ತೇನೆ, ನನ್ನ ಮುಖ ನೋಡಿಕೊಂಡು ಅನ್ನು.

ನಿನ್ನ ಅಪ್ಪ
ಫೆರಿನ್